ಅನ್ನದ ಸತ್ತ್ವವೂ ಪ್ರಸಾದದ ಮಿತಿಯೂ

(ಶ್ರೀಮಠದ ವಜ್ರಮಹೋತ್ಸವದ ಎರಡನೆಯ ದಿನದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ನಿನ್ನೆಯ ದಿವಸ ಇದೇ ಮಂಟಪದಲ್ಲಿ ಘನವಿದ್ವಾಂಸರು ಶ್ರೀಮಠದ ಗುರುಪರಂಪರೆಯನ್ನೂ ಷಟ್‌ಸ್ಥಲದ ತತ್ತ್ವವನ್ನೂ ವಿಸ್ತಾರವಾಗಿ ನಿರೂಪಿಸಿದರು. ಇಂದು ನಾನು ಹೇಳಹೊರಟಿರುವುದು ಅಷ್ಟು ಎತ್ತರದ ಮಾತಲ್ಲ. ಅದು ಅಡಿಗೆಮನೆಯ ಮಾತು. ರೊಟ್ಟಿ, ಅನ್ನ, ಹುಗ್ಗಿ, ಬೆಲ್ಲ ಇವುಗಳಲ್ಲಿ ಸಮಾನವಾಗಿರುವ ಒಂದು ಸತ್ತ್ವವುಂಟು. ಅದನ್ನು ಈಗಿನ ಶಾಸ್ತ್ರಜ್ಞರು ಕಾರ್ಬೊಹೈಡ್ರೇಟ್ ಎಂದೂ ನಮ್ಮ ಪಠ್ಯಪುಸ್ತಕಗಳವರು ಶರ್ಕರಪಿಷ್ಟವೆಂದೂ ಕರೆಯುತ್ತಾರೆ. ಆ ಸತ್ತ್ವವು ಮನುಷ್ಯನ ಶರೀರದಲ್ಲಿ ಮಾಡುವ ಕಾರ್ಯವೇನು, ಅದರ ಕೊರತೆಯಿಂದಲೂ ಅತಿಯಿಂದಲೂ ಆಗುವ ಕೇಡೇನು, ದಾಸೋಹವೇ ಉಸಿರಾಗಿರುವ ನಮ್ಮಂಥ ಮಠಕ್ಕೆ ಅದರಿಂದ ಕಲಿಯತಕ್ಕ ಪಾಠವೇನು, ಇಷ್ಟನ್ನು ನನ್ನ ಅಲ್ಪಮತಿಗೆ ತೋರಿದಂತೆ ಅರಿಕೆ ಮಾಡಿಕೊಳ್ಳುವೆನು.

ವ್ಯಾಕರಣ, ತರ್ಕ, ಸಿದ್ಧಾಂತಶಿಖಾಮಣಿಗಳನ್ನು ಓದಿ ಬೆಳೆದ ಈ ಪಾಠಶಾಲೆಯ ಮನುಷ್ಯನಿಗೆ ಈ ವಿಷಯವೇಕೆ ಬೇಕಾಯಿತೆಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಅದಕ್ಕೆ ಕಾರಣವಾದ ಸಂಗತಿಯೊಂದುಂಟು. ಅದನ್ನು ಕೊನೆಯಲ್ಲಿ ಹೇಳುವೆನು. ಮೊದಲು ವಿಷಯವನ್ನು ತಿಳಿಯೋಣ.

ಭೂಮಿಯ ನೀರನ್ನೂ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನೂ ತೆಗೆದುಕೊಂಡು, ಸೂರ್ಯನ ಬೆಳಕಿನ ಸಹಾಯದಿಂದ ಹಸುರೆಲೆಯು ಒಂದು ಪಾಕವನ್ನು ಮಾಡುತ್ತದೆ. ಒಲೆಯಿಲ್ಲ, ಹೊಗೆಯಿಲ್ಲ. ಆ ಪಾಕದಿಂದ ಹುಟ್ಟುವುದೇ ಸಕ್ಕರೆ. ಆ ಸಕ್ಕರೆಯ ಕಣಗಳನ್ನು ಸರದಂತೆ ಪೋಣಿಸಿ ಗಿಡವು ತನ್ನ ಕಾಳಿನಲ್ಲಿಯೂ ಗಡ್ಡೆಯಲ್ಲಿಯೂ ಕೂಡಿಡುತ್ತದೆ, ಅದು ಪಿಷ್ಟ. ಅದೇ ಕಣಗಳನ್ನು ಬೇರೊಂದು ರೀತಿಯಿಂದ ಬಿಗಿದು ತನ್ನ ಕಾಂಡವನ್ನೂ ತೊಗಟೆಯನ್ನೂ ಕಟ್ಟಿಕೊಳ್ಳುತ್ತದೆ; ಅದು ನಾರು. ಆದುದರಿಂದ ಸಕ್ಕರೆ, ಪಿಷ್ಟ, ನಾರು ಈ ಮೂರೂ ಒಂದೇ ಕುಲದವುಗಳು. ಇವುಗಳಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕಗಳೆಂಬ ಮೂರು ಮೂಲವಸ್ತುಗಳು ಮಾತ್ರ. ಜಲಜನಕ ಆಮ್ಲಜನಕಗಳು ಬಹುಮಟ್ಟಿಗೆ ನೀರಿನಲ್ಲಿರುವ ಪ್ರಮಾಣದಲ್ಲಿಯೇ ಇರುವುದರಿಂದ ಇಂಗಾಲವೂ ನೀರೂ ಕೂಡಿದ್ದೆಂಬ ಅರ್ಥದ ಹೆಸರು ಪಾಶ್ಚಾತ್ಯ ಭಾಷೆಯಲ್ಲಿ ಇದಕ್ಕೆ ಬಂದಿತು.

ಸಕ್ಕರೆಗಳಲ್ಲಿಯೂ ಬಗೆಗಳುಂಟು. ದ್ರಾಕ್ಷಿಯಲ್ಲಿ ಹೇರಳವಾಗಿರುವ ಗ್ಲೂಕೋಸು, ಹಣ್ಣು ಜೇನುಗಳಲ್ಲಿರುವ ಫ್ರಕ್ಟೋಸು ಇವು ಒಂಟಿ ಕಣದವುಗಳು. ಇವೆರಡೂ ಜೋಡಿಯಾದರೆ ಕಬ್ಬಿನ ಸಕ್ಕರೆ. ಹಾಲಿನಲ್ಲಿರುವುದು ಇನ್ನೊಂದು ಜೋಡಿಸಕ್ಕರೆ. ಪಿಷ್ಟವಾದರೋ ನೂರಾರು, ಸಾವಿರಾರು ಗ್ಲೂಕೋಸು ಕಣಗಳ ಸರ. ಸಕ್ಕರೆಯು ನಾಲಿಗೆಗೆ ಸಿಹಿಯಾದರೂ ಪಿಷ್ಟವು ಸಪ್ಪೆ. ಆದರೆ ಸಪ್ಪೆಯೊಳಗೆ ಸಿಹಿಯು ಅಡಗಿರುತ್ತದೆಂಬುದಕ್ಕೆ ಗ್ರಂಥಪ್ರಮಾಣವು ಬೇಕಿಲ್ಲ. ಇಂದು ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತಾಗ ಪಲ್ಯ ಚಟ್ನಿಗಳನ್ನು ಮುಟ್ಟಿಸದೆ ಒಂದು ತುತ್ತು ಜೋಳದ ರೊಟ್ಟಿಯನ್ನು ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಬಹಳ ಹೊತ್ತು ಅಗಿದು ನೋಡಿರಿ. ಕ್ರಮೇಣ ಅದು ಸಿಹಿಯಾಗುವುದು ನಿಮಗೇ ತಿಳಿಯುತ್ತದೆ. ಲಾಲಾರಸವು ಪಿಷ್ಟದ ಸರವನ್ನು ಕಡಿದು ಸಕ್ಕರೆಯನ್ನಾಗಿ ಮಾಡತೊಡಗಿತೆಂಬುದಕ್ಕೆ ಇದೇ ಪ್ರತ್ಯಕ್ಷಪ್ರಮಾಣ. ಜೀರ್ಣಕಾರ್ಯವು ಹೊಟ್ಟೆಯಲ್ಲಿ ಆರಂಭವಾಗುವುದೆಂದು ನಾವು ತಿಳಿದಿರುವೆವು. ಅದು ಆರಂಭವಾಗುವುದು ಬಾಯಿಯಲ್ಲಿ. ಅಗಿಯದೆ ನುಂಗುವವನು ಮೊದಲ ಪಾಠವನ್ನೇ ಬಿಟ್ಟ ವಿದ್ಯಾರ್ಥಿಯಂತೆ.

ಜಠರದ ಹುಳಿಯಲ್ಲಿ ಈ ಕೆಲಸವು ಕೊಂಚ ನಿಲ್ಲುತ್ತದೆ. ಅನಂತರ ಸಣ್ಣ ಕರುಳಿಗೆ ಇಳಿದಾಗ ಮೇದೋಜೀರಕ ಗ್ರಂಥಿಯ ರಸವು ಉಳಿದ ಸರವನ್ನೆಲ್ಲ ಕತ್ತರಿಸುತ್ತದೆ. ಕರುಳಿನ ಗೋಡೆಯ ರಸಗಳು ಜೋಡಿಸಕ್ಕರೆಗಳನ್ನು ಒಂಟಿಯಾಗಿ ಬಿಡಿಸುತ್ತವೆ. ಹೀಗೆ ಬಡವನ ಅಂಬಲಿಯೂ ಧನಿಕನ ಪಾಯಸವೂ ಕರುಳಿನ ಬಾಗಿಲಿನಲ್ಲಿ ತಂತಮ್ಮ ಹೆಸರನ್ನು ಕಳೆದುಕೊಂಡು ಬಹುಪಾಲು ಗ್ಲೂಕೋಸಾಗಿಯೇ ರಕ್ತವನ್ನು ಸೇರುತ್ತವೆ. ಮಾದಾರ ಚೆನ್ನಯ್ಯನವರ ಮನೆಯ ಅಂಬಲಿಯನ್ನು ಶಿವನು ಸವಿದನೆಂದು ಪುರಾತನರ ಕಥೆಗಳು ಸಾರುತ್ತವೆ. ಭಕ್ತಿಯ ದೃಷ್ಟಿಯಲ್ಲಿ ಅಂಬಲಿ ಪರಮಾನ್ನಗಳಿಗೆ ಭೇದವಿಲ್ಲವೆಂಬುದನ್ನು ಆ ಕಥೆಯು ತಿಳಿಸುವಂತೆ, ಕರುಳೂ ತನ್ನ ರೀತಿಯಿಂದ ಅದನ್ನೇ ಒಪ್ಪುತ್ತದೆ.

ರಕ್ತಕ್ಕೆ ಬಂದ ಗ್ಲೂಕೋಸು ಶರೀರದ ಸೌದೆ. ಒಂದು ಗ್ರಾಮ್ ಶರ್ಕರಪಿಷ್ಟದಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿಯು ದೊರೆಯುತ್ತದೆ; ಒಂದು ಗ್ರಾಮ್ ಪ್ರೋಟೀನಿನಿಂದಲೂ ಅಷ್ಟೇ; ಕೊಬ್ಬಿನಿಂದ 9. ಹಾಗಾದರೆ ಕೊಬ್ಬೇ ಮೇಲಲ್ಲವೇ ಎಂದರೆ, ಬೇಗನೆ ಹೊತ್ತಿ ಬೇಗನೆ ಒದಗುವ ಸೌದೆಯು ಇದೇ. ಭಾರವಾದ ಕೆಲಸವನ್ನು ರಭಸದಿಂದ ಮಾಡುವಾಗ ಸ್ನಾಯುಗಳು ಮುಖ್ಯವಾಗಿ ಇದನ್ನೇ ಉರಿಸುತ್ತವೆ. ಅದಕ್ಕಿಂತ ಹೆಚ್ಚಿನದೆಂದರೆ ಮೆದುಳಿನ ವಿಷಯ. ಶರೀರದ ತೂಕದಲ್ಲಿ ಮೆದುಳು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಸುಮ್ಮನೆ ಕುಳಿತಿರುವ ಮನುಷ್ಯನು ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಅದೊಂದೇ ತೆಗೆದುಕೊಳ್ಳುತ್ತದೆ. ದಿನವೊಂದಕ್ಕೆ ಸುಮಾರು 120 ಗ್ರಾಮ್ ಗ್ಲೂಕೋಸು ಅದಕ್ಕೆ ಬೇಕು. ಜಪಧ್ಯಾನಗಳಿಗೂ ಪಾಠಪ್ರವಚನಗಳಿಗೂ ಮೂಲಧನವು ನೇಗಿಲಯೋಗಿಯು ಬೆಳೆದ ಕಾಳಿನಲ್ಲಿಯೇ ಇದೆಯೆಂಬುದನ್ನು ನಮ್ಮಂಥ ಪುಸ್ತಕದ ಹುಳುಗಳು ಮರೆಯಬಾರದು.

ಉಂಡ ಕೂಡಲೇ ಎಲ್ಲವೂ ವ್ಯಯವಾಗುವುದಿಲ್ಲವಷ್ಟೆ. ಉಳಿದುದನ್ನು ಯಕೃತ್ತು ಸುಮಾರು 100 ಗ್ರಾಮಿನಷ್ಟೂ ಸ್ನಾಯುಗಳು ಸುಮಾರು 400 ಗ್ರಾಮಿನಷ್ಟೂ ಗ್ಲೈಕೋಜನ್ ಎಂಬ ರೂಪದಿಂದ ಕೂಡಿಡುತ್ತವೆ. ರಾತ್ರಿ ನಾವು ಮಲಗಿದಾಗ ಯಕೃತ್ತು ತನ್ನ ಕಣಜದ ಬಾಗಿಲನ್ನು ಸ್ವಲ್ಪಸ್ವಲ್ಪವೇ ತೆರೆದು ಮೆದುಳನ್ನು ಸಲಹುತ್ತದೆ. ಕಣಜಗಳು ತುಂಬಿದ ಮೇಲೆಯೂ ತುಂಬುತ್ತಲೇ ಹೋದರೆ ಹೆಚ್ಚಾದುದು ಕೊಬ್ಬಾಗಿ ಮೈಯಲ್ಲಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ ಶರ್ಕರಪಿಷ್ಟವು ಏನೇನೂ ದೊರೆಯದೆ ಹೋದರೆ ಶರೀರವು ತನ್ನ ಮಾಂಸಖಂಡಗಳ ಪ್ರೋಟೀನನ್ನೇ ಒಡೆದು ಗ್ಲೂಕೋಸು ಮಾಡಿಕೊಳ್ಳತೊಡಗುತ್ತದೆ. ಒಲೆಗೆ ಸೌದೆಯಿಲ್ಲದವನು ಮನೆಯ ಜಂತೆಗಳನ್ನು ಕಿತ್ತು ಉರಿಸಿದಂತೆ ಇದು. ಬೆಳೆಯುವ ಮಕ್ಕಳಿಗೆ ಹೊಟ್ಟೆತುಂಬ ರೊಟ್ಟಿ ಅನ್ನಗಳು ಬೇಕೆನ್ನುವುದು ಇದಕ್ಕಾಗಿಯೇ. ಸೌದೆ ಸಾಕಷ್ಟು ಇದ್ದರೆ ಬೇಳೆ ಹಾಲುಗಳ ಪ್ರೋಟೀನು ಮೈಯನ್ನು ಕಟ್ಟುವ ಕೆಲಸಕ್ಕೆ ಉಳಿಯುತ್ತದೆ.

ಧಾತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ, ಅಂದರೆ 1876 ರಿಂದ 1878 ರವರೆಗೆ, ಮೈಸೂರು ಸಂಸ್ಥಾನವೊಂದರಲ್ಲಿಯೇ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ನಾಶವಾಯಿತು. ಮುಂಬಯಿ ಸೀಮೆಯ ಕನ್ನಡ ಜಿಲ್ಲೆಗಳೂ ಅದೇ ಬೆಂಕಿಯಲ್ಲಿ ಬೆಂದವು. ಆ ನೆನಪು ನಮ್ಮ ಹಿರಿಯರ ಎಲುಬಿನಲ್ಲಿ ಇಳಿದಿತ್ತು. ಬಂದವರಿಗೆ ಮೊದಲು ನೀಡು, ಆಮೇಲೆ ಮಾತಾಡು ಎಂಬ ಮಠಗಳ ನಡೆಯು ಹಸಿವನ್ನು ಕಂಡವರು ಕಲಿಸಿದ ನಡೆ. ಆದುದರಿಂದ ಇನ್ನು ಮುಂದೆ ಅನ್ನದ ಅತಿಯ ವಿಷಯವಾಗಿ ನಾನು ಹೇಳುವ ಮಾತನ್ನು ಅನ್ನದ ನಿಂದೆಯೆಂದು ಯಾರೂ ತಿಳಿಯಬಾರದೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ.

ಈಗ ಕಾಳಿನ ಹೊಟ್ಟಿನ ವಿಚಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾದ್ವೀಪದ ಬಟಾವಿಯಾ ನಗರದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನಿದ್ದನು. ಅಲ್ಲಿ ಕಾಲುಗಳ ಬಲವುಡುಗಿಸಿ ಹೃದಯವನ್ನು ಕೆಡಿಸುವ ಬೆರಿಬೆರಿ ಎಂಬ ರೋಗವು ಹೆಚ್ಚಾಗಿತ್ತು. ಅವನು ಪರೀಕ್ಷೆಗಾಗಿ ಸಾಕಿದ ಕೋಳಿಗಳಿಗೂ ಅಂಥದೇ ವ್ಯಾಧಿಯು ಬಂದಿತು. ಕೆಲವು ತಿಂಗಳ ಮೇಲೆ ತಾನಾಗಿ ಹೋಯಿತು. ವಿಚಾರಿಸಿದಾಗ, ರೋಗವಿದ್ದ ದಿನಗಳಲ್ಲಿ ಅವುಗಳಿಗೆ ಪಾಲಿಶ್ ಮಾಡಿದ ಬಿಳಿಯ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರೆಂದೂ, ಅನಂತರ ತೌಡಿದ್ದ ಅಕ್ಕಿಗೆ ಬದಲಾಯಿಸಿದರೆಂದೂ ತಿಳಿಯಿತು. ಈ ಶೋಧದಿಂದ ಮುಂದೆ ಜೀವಸತ್ತ್ವಗಳ ಶಾಸ್ತ್ರವೇ ಬೆಳೆಯಿತು. 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಬಂದಿತು. ತೌಡಿನಲ್ಲಿರುವ ಥಯಮಿನ್ ಎಂಬ ಜೀವಸತ್ತ್ವವಿಲ್ಲದೆ ಗ್ಲೂಕೋಸು ಶರೀರದಲ್ಲಿ ಸರಿಯಾಗಿ ಉರಿಯಲಾರದು. ಸೌದೆಯನ್ನು ರಾಶಿ ಹಾಕಿ ಊದುಗೊಳವೆಯನ್ನು ಎಸೆದರೆ ಒಲೆಯು ಹೊತ್ತುವುದುಂಟೆ? ಸೃಷ್ಟಿಯು ಸೌದೆಯನ್ನೂ ಊದುಗೊಳವೆಯನ್ನೂ ಒಂದೇ ಕಾಳಿನಲ್ಲಿಟ್ಟಿತು. ಬಿಳುಪಿನ ಆಸೆಯಿಂದ ನಾವು ಅವುಗಳನ್ನು ಅಗಲಿಸಿದೆವು. ನಮ್ಮ ಕರಾವಳಿಯವರು ಭತ್ತವನ್ನು ಕುದಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯಲ್ಲಿ ಈ ಸತ್ತ್ವವು ಬೆಳ್ತಿಗೆ ಅಕ್ಕಿಗಿಂತ ಹೆಚ್ಚು ಉಳಿದಿರುತ್ತದೆ; ಕುದಿಯುವಾಗ ಅದು ಹೊರಪದರದಿಂದ ಕಾಳಿನೊಳಕ್ಕೆ ಇಳಿಯುವುದೇ ಅದಕ್ಕೆ ಕಾರಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರಪಟ್ಟಿಯಿಂದ ಕೆಲವು ಅಂಕಿಗಳನ್ನು ಅವಧರಿಸಬೇಕು. ನೂರು ಗ್ರಾಮ್ ಬಿಳಿಯ ಅಕ್ಕಿಯಲ್ಲಿ ಶರ್ಕರಪಿಷ್ಟವು ಸುಮಾರು 78 ಗ್ರಾಮ್, ಪ್ರೋಟೀನು 8, ನಾರು 3. ಅಷ್ಟೇ ಜೋಳದಲ್ಲಿ ಶರ್ಕರಪಿಷ್ಟವು 68, ಪ್ರೋಟೀನು 10, ನಾರು 10. ಸಜ್ಜೆಯಲ್ಲಿ 62, 11, 11. ರಾಗಿಯಲ್ಲಿ ಶರ್ಕರಪಿಷ್ಟವು 67, ಪ್ರೋಟೀನು 7, ನಾರು 11. ಅದರ ಮೇಲೆ ಎಲುಬಿಗೆ ಬೇಕಾದ ಸುಣ್ಣದ ಅಂಶವು 364 ಮಿಲಿಗ್ರಾಮ್. ಅಕ್ಕಿಯಲ್ಲಿ ಇದು ಹತ್ತಕ್ಕೂ ಕಡಮೆ. ನಮ್ಮ ಮುತ್ತಜ್ಜಿಯರು ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯವನ್ನೂ ಪುಂಡಿಪಲ್ಯವನ್ನೂ ಅಗಸೆಯ ಚಟ್ನಿಯನ್ನೂ ಜೊತೆಮಾಡಿ ಮಜ್ಜಿಗೆ ಸುರಿದುಕೊಟ್ಟ ಊಟದಲ್ಲಿ ಸೌದೆ, ಊದುಗೊಳವೆ, ಕಂಬ, ಜಂತೆ ಎಲ್ಲವೂ ಇದ್ದುವು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಾವು ಹಗೇವಿನಲ್ಲಿ ಹೂತು ಮರೆತುದನ್ನು ಲೋಕವು ಅಗೆದು ತೆಗೆದಂತಾಯಿತು.

ನಾರು ಜೀರ್ಣವಾಗುವುದಿಲ್ಲ, ಆದುದರಿಂದ ಅದು ನಿಷ್ಪ್ರಯೋಜಕವೆಂದು ಒಂದು ಕಾಲಕ್ಕೆ ತಿಳಿದಿದ್ದರು. ಅದು ತಪ್ಪೆಂದು ಈಗ ಸಿದ್ಧವಾಗಿದೆ. ನಾರು ಮಲಬದ್ಧತೆಯನ್ನು ಕಳೆಯುತ್ತದೆ. ಸಕ್ಕರೆಯು ರಕ್ತಕ್ಕೆ ಏಕಾಏಕಿ ನುಗ್ಗದಂತೆ ತಡೆಯುತ್ತದೆ. ದೊಡ್ಡ ಕರುಳಿನಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಅವುಗಳು ಅದರಿಂದ ಮಾಡುವ ಆಮ್ಲಗಳು ಕರುಳಿನ ಗೋಡೆಯನ್ನೇ ಪೋಷಿಸುತ್ತವೆ. ನಮ್ಮೊಳಗೇ ಒಂದು ದಾಸೋಹವು ನಡೆದಿದೆ. ನಾವು ಉಣ್ಣಲಾರದುದನ್ನು ಕಣ್ಣಿಗೆ ಕಾಣದ ಜೀವಿಗಳು ಉಂಡು ನಮಗೆ ಹಿತವನ್ನು ಮಾಡುತ್ತವೆ. ಪ್ರಾಯದವರಿಗೆ ದಿನಕ್ಕೆ ಕನಿಷ್ಠ 25 ಗ್ರಾಮ್ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿರುತ್ತದೆ.

ಇನ್ನು ಅತಿಯ ವಿಚಾರ. ಆರೋಗ್ಯವಂತನ ರಕ್ತದಲ್ಲಿ ಬರಿಹೊಟ್ಟೆಯಲ್ಲಿದ್ದಾಗ ನೂರು ಮಿಲಿಲೀಟರಿಗೆ 70 ರಿಂದ 100 ಮಿಲಿಗ್ರಾಮ್ ಗ್ಲೂಕೋಸು ಇರುತ್ತದೆ. ಇಡೀ ಮೈಯ ರಕ್ತದಲ್ಲಿರುವುದನ್ನು ಕೂಡಿಸಿದರೆ ಸುಮಾರು ಐದು ಗ್ರಾಮ್, ಅಂದರೆ ಒಂದು ಸಣ್ಣ ಚಮಚದಷ್ಟು. ಹಬ್ಬದ ದಿನ ಒಂದು ಬಟ್ಟಲು ಗೋಧಿಹುಗ್ಗಿಯಲ್ಲಿ ನಾವು ಉಣ್ಣುವ ಬೆಲ್ಲವೊಂದೇ ಅದರ ಎಷ್ಟೋ ಪಾಲು! ಅಷ್ಟೂ ಬಂದಾಗ ರಕ್ತವನ್ನು ಸಮತೋಲದಲ್ಲಿಡುವುದು ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ರಸ. ಅದು ಜೀವಕೋಶಗಳ ಬಾಗಿಲನ್ನು ತೆರೆಯುವ ಬೀಗದ ಕೈಯಂತೆ. ಆ ರಸವು ಸಾಲದಾದರೆ, ಅಥವಾ ಜೀವಕೋಶಗಳು ಅದಕ್ಕೆ ಮಣಿಯದಾದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು ಮಧುಮೇಹವಾಗುತ್ತದೆ. ಬರಿಹೊಟ್ಟೆಯ ಅಳತೆಯು 126 ಅಥವಾ ಅದಕ್ಕಿಂತ ಹೆಚ್ಚಾಗಿ ಮರಳಿ ಮರಳಿ ಕಂಡರೆ ವೈದ್ಯರು ಈ ರೋಗವೆಂದು ನಿರ್ಣಯಿಸುತ್ತಾರೆ. ವರ್ಷಗಟ್ಟಲೆ ನಿಂತ ಈ ಸಿಹಿಯು ಕಣ್ಣು, ಮೂತ್ರಪಿಂಡ, ಹೃದಯ, ಪಾದದ ನರಗಳು ಇವನ್ನು ಸದ್ದಿಲ್ಲದೆ ತಿನ್ನುತ್ತದೆ. ಕೆನಡಾ ದೇಶದ ಟೊರಾಂಟೊದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸುವ ಪ್ರಯೋಗಗಳನ್ನು ನಡೆಯಿಸಿ, ಮರುವರ್ಷದ ಜನವರಿಯಲ್ಲಿ ಸಾವಿನಂಚಿನಲ್ಲಿದ್ದ ಬಾಲಕನೊಬ್ಬನಿಗೆ ಅದನ್ನು ಕೊಡುವವರೆಗೆ ಎಳೆಯರಿಗೆ ಬರುವ ಈ ವ್ಯಾಧಿಗೆ ಮರಣವೇ ಕೊನೆಯಾಗಿತ್ತು.

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ಚರಕಾಚಾರ್ಯರು ಪ್ರಮೇಹದ ಕಾರಣಗಳನ್ನು ಎಣಿಸುವಾಗ ಕುಳಿತೇ ಇರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ವಿಕಾರಗಳು ಇವನ್ನು ಹೇಳಿದ್ದಾರೆ. ಹೊಟ್ಟೆಯನ್ನು ಮೂರು ಪಾಲಾಗಿ ಭಾವಿಸಿ ಒಂದನ್ನು ಗಟ್ಟಿ ಆಹಾರಕ್ಕೂ ಒಂದನ್ನು ದ್ರವಕ್ಕೂ ಕೊಟ್ಟು ಒಂದನ್ನು ವಾತಾದಿಗಳ ಸಂಚಾರಕ್ಕೆ ಬಿಡಬೇಕೆಂದಿದ್ದಾರೆ. ಶ್ರೀಮಠದ ಪಂಕ್ತಿಯಲ್ಲಿ ನಾವು ಮೂರನ್ನೂ ಹುಗ್ಗಿಗೇ ಕೊಡುತ್ತಿರುವೆವಲ್ಲವೇ?

ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ಹತ್ತು ಕೋಟಿ ಜನರು ಮಧುಮೇಹಿಗಳು. ಪ್ರಾಯದವರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು. ಇನ್ನೂ ಹದಿಮೂರು ಕೋಟಿಗೆ ಮೀರಿದ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅದೇ ಪರಿಷತ್ತಿನ ಪೋಷಣ ಸಂಸ್ಥೆಯು 2024ರ ತನ್ನ ಆಹಾರಸೂತ್ರಗಳಲ್ಲಿ, ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45ನ್ನು ಮೀರದಿರಲೆಂದು ಹೇಳಿ, ನಮ್ಮವರ ಊಟದಲ್ಲಿ ಅದು 50 ರಿಂದ 70ರವರೆಗೂ ಇದೆಯೆಂದು ಎಚ್ಚರಿಸಿದೆ. ಉಳಿದುದು ಬೇಳೆಕಾಳು, ಹಾಲು ಮಜ್ಜಿಗೆ, ಕಾಯಿಪಲ್ಯ, ಹಣ್ಣು, ಎಣ್ಣೆಬೀಜಗಳಿಂದ ಬರಬೇಕಾಗಿದೆ. ಸಕ್ಕರೆ, ಬೆಲ್ಲ, ಜೇನುಗಳಿಂದ ಬರುವ ಶಕ್ತಿಯಂತೂ ನೂರಕ್ಕೆ ಹತ್ತಕ್ಕಿಂತ ಕಡಮೆಯಿರಬೇಕೆಂದೂ ಐದಕ್ಕಿಂತ ಕಡಮೆಯಾದರೆ ಇನ್ನೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಾರಿತು.

ಇಲ್ಲಿ ಕೆಲವು ಭ್ರಾಂತಿಗಳನ್ನು ನಿವಾರಿಸುವುದು ಅವಶ್ಯ. ಬೆಲ್ಲವು ಸಕ್ಕರೆಯಂತಲ್ಲ, ಅದು ಮಧುಮೇಹಿಗೆ ಬಾಧಿಸದೆಂದು ಹಲವರು ಭಕ್ತರು ನಂಬಿದ್ದಾರೆ. ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಲವಣಗಳು ಸ್ವಲ್ಪಮಟ್ಟಿಗೆ ಇರುವುದು ನಿಜ. ಆದರೆ ಅದರ ಬಹುಪಾಲು ಕಬ್ಬಿನ ಸಕ್ಕರೆಯೇ. ರಕ್ತಕ್ಕೆ ಅವೆರಡರ ಭೇದವು ತಿಳಿಯದು. ಎರಡನೆಯದು, ರಾಗಿ ಜೋಳಗಳನ್ನು ಎಷ್ಟು ತಿಂದರೂ ಬಾಧಕವಿಲ್ಲವೆಂಬುದು. ಅವುಗಳಲ್ಲಿಯೂ ಮೂರರಲ್ಲಿ ಎರಡು ಪಾಲು ಶರ್ಕರಪಿಷ್ಟವೇ ಇದೆಯೆಂದು ಈಗತಾನೆ ಹೇಳಿದೆನು. ನುಣ್ಣಗೆ ಬೀಸಿದ ಹಿಟ್ಟಿನ ತೆಳ್ಳನೆಯ ಗಂಜಿಯು ಬೇಗನೆ ಸಕ್ಕರೆಯಾಗುತ್ತದೆ. ಅಗಿದು ತಿನ್ನುವ ರೊಟ್ಟಿಯು, ಅದರಲ್ಲಿಯೂ ಕಾಳುಪಲ್ಯ ಸೊಪ್ಪುಗಳ ಸಂಗಡ ತಿಂದುದು, ನಿಧಾನವಾಗುತ್ತದೆ. ಮೂರನೆಯದು ಇದಕ್ಕೆ ವಿರುದ್ಧವಾದದ್ದು. ಪಟ್ಟಣದ ಕೆಲವು ತರುಣರು ಅನ್ನ ರೊಟ್ಟಿಗಳೇ ವಿಷವೆಂದು ಅವನ್ನು ಪೂರ್ತಿಯಾಗಿ ತೊರೆಯುತ್ತಾರೆ. ವೈದ್ಯರ ಕಣ್ಣಿನ ಕೆಳಗೆ ಕೆಲವು ರೋಗಿಗಳಿಗೆ ಅದು ಸಲ್ಲಬಹುದು. ಎಲ್ಲರಿಗೂ ಅದೇ ಮಾರ್ಗವೆಂಬುದು ಸಲ್ಲದು. ದೋಷವಿರುವುದು ಅನ್ನದಲ್ಲಿ ಅಲ್ಲ, ಅಳತೆಯಲ್ಲಿ. ಮತ್ತು ಕಾಯಕವಿಲ್ಲದ ಮೈಯಲ್ಲಿ.

ಕಾಯಕವೆಂದೆನಷ್ಟೆ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ದಾರಿಯನ್ನು ಅಷ್ಟಾಗಿ ಕಾಯದೆ ರಕ್ತದಿಂದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಉಂಡ ಮೇಲೆ ಸ್ವಲ್ಪ ಹೊತ್ತು ನಡೆದರೂ ಅಳತೆಯು ಇಳಿಯುತ್ತದೆ. ದಾಸೋಹಕ್ಕಿಂತ ಮೊದಲು ಕಾಯಕವನ್ನಿಟ್ಟ ಶರಣರ ಕ್ರಮವು ಸಮಾಜಕ್ಕೆ ಮಾತ್ರವಲ್ಲ, ಶರೀರಕ್ಕೂ ಒಪ್ಪುತ್ತದೆ. ಆರು ರೊಟ್ಟಿ ಉಂಡು ಸಂಜೆಯವರೆಗೆ ಕುಂಟೆ ಹೊಡೆದವನ ಊಟವನ್ನು ನಾವು ಗದ್ದಿಗೆಯ ಮೇಲೆ ಕುಳಿತು ಉಣ್ಣತೊಡಗಿದೆವು. ಅವನ ಹೊಲದ ಕೆಲಸವನ್ನು ಮಾತ್ರ ನಾವು ಎತ್ತಿಕೊಳ್ಳಲಿಲ್ಲ.

ಆರಂಭದಲ್ಲಿ ಒಂದು ಸಂಗತಿಯನ್ನು ಹೇಳುವೆನೆಂದು ಮಾತು ಕೊಟ್ಟಿದ್ದೆನು. ಸುಮಾರು ನಾಲ್ವತ್ತು ವರ್ಷಗಳ ಹಿಂದೆ ನಾನು ಪಾಠಶಾಲೆಯಲ್ಲಿದ್ದಾಗ ನನಗೆ ವಿದ್ಯೆಯನ್ನಿತ್ತ ಗುರುಗಳು ಮಧುಮೇಹಿಗಳಾಗಿದ್ದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಪಂಕ್ತಿಯಲ್ಲಿ ಬಡಿಸುವ ಸೇವೆಯು ನನ್ನದು. ಗುರುಗಳ ಮೇಲಿನ ಪ್ರೀತಿಯಿಂದ ಅವರ ತಳಿಗೆಗೆ ಎಲ್ಲರಿಗಿಂತ ಹೆಚ್ಚು ಹುಗ್ಗಿಯನ್ನೂ ಮಾದಲಿಯನ್ನೂ ನೀಡುತ್ತಿದ್ದೆನು. ಅವರು ಕೈ ಅಡ್ಡಹಿಡಿಯುತ್ತಿದ್ದರು. ನಾನು ಕೈಯನ್ನು ಸರಿಸಿ ಮತ್ತೊಂದು ಸೌಟು ಹಾಕುತ್ತಿದ್ದೆನು. ಪಂಕ್ತಿಯವರೆಲ್ಲ ನಗುತ್ತಿದ್ದರು. ನೀಡಿದುದು ಪ್ರಸಾದ, ಅದನ್ನು ಬಿಡುವುದು ಅಪರಾಧವೆಂದು ಅವರ ನಿಷ್ಠೆ. ಕೊನೆಯ ಅಗುಳನ್ನೂ ಉಂಡು, ತಳಿಗೆಯನ್ನು ತೊಳೆದ ನೀರನ್ನೂ ಕುಡಿದು ಏಳುತ್ತಿದ್ದರು. ಮೂರು ವರ್ಷಗಳ ಮೇಲೆ ಪಾದಕ್ಕೆ ಆದ ಒಂದು ಸಣ್ಣ ಗಾಯವು ಮಾಯಲಿಲ್ಲ. ಕಾಲನ್ನು ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ವೈದ್ಯರು ಕಾರಣವನ್ನು ಹೇಳಿದಾಗ ನಾನು ಅಲ್ಲಿಯೇ ಗೋಡೆಗೆ ಒರಗಿ ಕುಳಿತುಬಿಟ್ಟೆನು. ಗುರುಗಳು ನನ್ನನ್ನು ಕರೆದು, ಹುಗ್ಗಿ ಚೆನ್ನಾಗಿತ್ತಪ್ಪಾ ಎಂದರು. ಅದಕ್ಕಿಂತ ಹೆಚ್ಚಾಗಿ ಏನೂ ಅನ್ನಲಿಲ್ಲ. ಆ ಒಂದು ಮಾತು ನನ್ನನ್ನು ಈ ಶಾಸ್ತ್ರದ ಪುಸ್ತಕಗಳನ್ನು ಓದುವಂತೆ ಮಾಡಿತು.

ಅಂದಿನಿಂದ ಈ ಪ್ರಶ್ನೆಯು ನನ್ನನ್ನು ಬಿಟ್ಟಿಲ್ಲ: ಪ್ರಸಾದವನ್ನು ಕಡಮೆ ಸ್ವೀಕರಿಸುವುದು ಪ್ರಸಾದದ ಅವಜ್ಞೆಯೇ? ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು; ಷಟ್‌ಸ್ಥಲಗಳಲ್ಲಿ ಪ್ರಸಾದಿಯದು ಒಂದು ಸ್ಥಲ. ಇಷ್ಟು ಹಿರಿದಾದ ತತ್ತ್ವವನ್ನು ಸೌಟಿನಿಂದ ಅಳೆಯಲು ಬರುವುದೇ? ಪ್ರಸಾದದ ಮಹಿಮೆಯು ಅರ್ಪಣದಲ್ಲಿದೆ, ಪ್ರಸನ್ನತೆಯಲ್ಲಿದೆ, ರಾಶಿಯಲ್ಲಿ ಇಲ್ಲ. ಒಂದು ಅಗುಳಿನಲ್ಲಿಯೂ ಅದು ಪೂರ್ಣವಾಗಿಯೇ ಇರುತ್ತದೆ. ನೀಡಿಸಿಕೊಂಡು ಬಿಡುವುದು ಅಪರಾಧ. ಇದರಲ್ಲಿ ಎರಡನೆಯ ಮಾತಿಲ್ಲ. ಆದರೆ ಮೊದಲೇ ಕೈಮುಗಿದು ಸ್ವಲ್ಪ ಸಾಕೆಂದು ಬೇಡುವುದು ಅಪರಾಧವಲ್ಲ. ಹಾಗೆ ಬೇಡಿದವನಿಗೆ ಬಲವಂತದಿಂದ ನೀಡುವುದು ಅಪರಾಧ. ಆ ಅಪರಾಧವು ಉಂಡವನದಲ್ಲ, ನೀಡಿದ ಕೈಯದು. ನನ್ನ ಕೈಯನ್ನು ಮುಂದಿಟ್ಟುಕೊಂಡೇ ಈ ಮಾತನ್ನಾಡುತ್ತಿದ್ದೇನೆ.

ಇದಕ್ಕೆ ಶರಣರ ಚರಿತ್ರೆಯಲ್ಲಿ ಆಧಾರವನ್ನು ಹುಡುಕಿದಾಗ ಆಯ್ದಕ್ಕಿ ಲಕ್ಕಮ್ಮನವರು ನೆನಪಿಗೆ ಬಂದರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳುಹಿದರು. ಅಗತ್ಯಕ್ಕಿಂತ ಮಿಗಿಲಾದುದು ಶಿವನಿಗೆ ಸಲ್ಲದೆಂಬ ಅವರ ನಿಲುವನ್ನು ನಾವು ಧನಕ್ಕೆ ಅನ್ವಯಿಸಿ ನೂರಾರು ಪ್ರವಚನಗಳನ್ನು ಮಾಡಿದ್ದೇವೆ. ಅದನ್ನು ಅಕ್ಕಿಗೇ ಅನ್ವಯಿಸಿ ನೋಡಲು ನಮಗೆ ಹೊಳೆಯಲಿಲ್ಲ! ಮಿಗಿಲಾದ ಅಕ್ಕಿಯು ಮನೆಗೆ ಸಲ್ಲದಿದ್ದರೆ ಮೈಗೂ ಸಲ್ಲದು.

ಪೂಜ್ಯ ಶ್ರೀಗಳವರ ಅಪ್ಪಣೆಯಾದರೆ ಕೆಲವು ವಿನಂತಿಗಳನ್ನು ಸನ್ನಿಧಿಯಲ್ಲಿ ಇಡುವೆನು. ಪಂಕ್ತಿಯಲ್ಲಿ ಮೊದಲು ಸ್ವಲ್ಪವೇ ನೀಡಿ, ಬೇಡಿದವರಿಗೆ ಮತ್ತೆ ಮತ್ತೆ ನೀಡುವ ಪದ್ಧತಿಯನ್ನಿಡಬಹುದು. ಹಸಿದವನಿಗೆ ಇದರಿಂದ ಕೊರತೆಯಾಗದು. ಅಡ್ಡಹಿಡಿದ ಕೈಯನ್ನು ಸರಿಸಬಾರದೆಂದು ಬಡಿಸುವ ತರುಣರಿಗೆ ತಿಳಿಹೇಳಬೇಕು. ನಿತ್ಯದಾಸೋಹದಲ್ಲಿ ರೊಟ್ಟಿಯೂ ಕಾಳುಪಲ್ಯವೂ ಸೊಪ್ಪೂ ಮಜ್ಜಿಗೆಯೂ ಹೆಚ್ಚಲಿ. ಹುಗ್ಗಿಯು ಪರ್ವದಿನಗಳಿಗೆ ಮೀಸಲಾಗಿ ತನ್ನ ಗೌರವವನ್ನು ಉಳಿಸಿಕೊಳ್ಳಲಿ. ಪ್ರಸಾದನಿಲಯದ ಮಕ್ಕಳ ರೊಟ್ಟಿ ಅನ್ನಗಳನ್ನು ಎಳ್ಳಷ್ಟೂ ಕಡಮೆ ಮಾಡಬಾರದು. ಅವರು ಬೆಳೆಯುವವರು, ಓದುವವರು, ಆಡುವವರು. ಅವರಿಗೆ ಬೇಕಾದುದು ಅದರೊಡನೆ ಇನ್ನಷ್ಟು ಬೇಳೆ, ಹಾಲು, ಕಾಯಿಪಲ್ಯ.

ಉಪವಾಸವ್ರತವನ್ನು ಹಿಡಿಯುವ ಹಿರಿಯರಿಗೂ ಒಂದು ಮಾತು. ಮಧುಮೇಹಕ್ಕೆ ಗುಳಿಗೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ತೆಗೆದುಕೊಳ್ಳುವವರು ಶಿವರಾತ್ರಿಯಂದು ವೈದ್ಯರನ್ನು ಕೇಳದೆ ನಿರಾಹಾರವಿರಬಾರದು. ಔಷಧವು ಕೆಲಸಮಾಡುತ್ತಿರುವಾಗ ಆಹಾರವು ಬರದೆ ಹೋದರೆ ರಕ್ತದ ಸಕ್ಕರೆಯು 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮನೋಭ್ರಮೆ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆಗ ಎಚ್ಚರವಿರುವವರಿಗೆ ಕೂಡಲೇ ಮೂರು ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನಿನ್ನೆ ವಿಷವಾಗಿದ್ದ ಸಕ್ಕರೆಯು ಆ ಗಳಿಗೆಯಲ್ಲಿ ಸಂಜೀವಿನಿ. ವಸ್ತುವಿನಲ್ಲಿ ಗುಣದೋಷಗಳು ನಿಂತಿಲ್ಲ. ಕಾಲ, ಪ್ರಮಾಣ, ಪಾತ್ರಗಳಲ್ಲಿ ನಿಂತಿವೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕೆ?

ಮಹನೀಯರೇ, ಬಿಸಿಲು ಏರುತ್ತಿದೆ. ಪ್ರಸಾದದ ಗಂಟೆಯೂ ಸಮೀಪಿಸಿತು. ಅರುವತ್ತು ವರ್ಷಗಳಿಂದ ಈ ಮಠದ ಒಲೆಯು ಆರಿಲ್ಲ. ಅದು ಎಂದೆಂದಿಗೂ ಆರದಿರಲಿ. ಹೊಲದಲ್ಲಿ ದುಡಿದು ಒಂದೊಂದು ಸೇರು ಜೋಳವನ್ನು ತಂದು ಕಣಜಕ್ಕೆ ಸುರಿದ ತಾಯಂದಿರ ಪುಣ್ಯವು ಆ ಬೆಂಕಿಯಲ್ಲಿದೆ. ಅವರು ತಂದ ಕಾಳು ಉಂಡವರ ಮೈಯಲ್ಲಿ ಶಕ್ತಿಯಾಗಲಿ, ರೋಗವಾಗದಿರಲಿ. ಇಂದು ಪಂಕ್ತಿಯಲ್ಲಿ ಯಾರಾದರೂ ಹಿರಿಯರು ತಳಿಗೆಯ ಮೇಲೆ ಕೈಯನ್ನು ಅಡ್ಡಹಿಡಿದರೆ, ಬಡಿಸುವ ಮಗುವೇ, ಒಂದು ಕ್ಷಣ ನಿಲ್ಲು. ಆ ಕೈಗೂ ಒಂದು ಶರಣು ಮಾಡಿ ಮುಂದೆ ಹೋಗು. ನಾನು ಅಂದು ಮಾಡದಿದ್ದುದನ್ನು ನೀನಾದರೂ ಮಾಡು.